ಹೊಟ್ಟೆಯೊಳಗೆ ಕೀವು: ನಳಿಕೆ ಹಾಕಿಸಿಕೊಳ್ಳುವ ಮುನ್ನ, ಹಾಕಿಸಿಕೊಂಡ ಮೇಲೆ

ಹತ್ತು ದಿನದಿಂದ ಜ್ವರ. ಸಂಜೆಯಾದರೆ ಮೈ ನಡುಗುವಷ್ಟು ಚಳಿ, ರಾತ್ರಿ ಬೆವರು, ಬಲಗಡೆ ಪಕ್ಕೆಲುಬಿನ ಕೆಳಗೆ ಮುಟ್ಟಿದರೆ ನೋವು. ಮೊದಲು ಮೆಡಿಕಲ್ ಶಾಪಿನ ಮಾತ್ರೆ, ಆಮೇಲೆ ಬೀದಿ ಕೊನೆಯ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್, ಟೈಫಾಯಿಡ್ ಇರಬಹುದೆಂದು ಇನ್ನೊಂದು ಕೋರ್ಸು. ಯಾವುದಕ್ಕೂ ಜ್ವರ ಜಗ್ಗದೆ, ಕೊನೆಗೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಡಾಕ್ಟರು ಹೇಳುತ್ತಾರೆ: ‘ಲಿವರಿನಲ್ಲಿ ಕೀವು ತುಂಬಿದೆ, ನಳಿಕೆ ಹಾಕಿ ತೆಗೆಯಬೇಕು.’

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಹೋಟೆಲು, ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುವ ಕನ್ನಡದವರಿಗೆ ಈ ಮಾತು ಕೇಳಿದ ಕೂಡಲೇ ಗಾಬರಿಯಾಗುವುದು ಸಹಜ. ಹೊಟ್ಟೆ ಕೊಯ್ಯುತ್ತಾರೆಯೇ? ಮಾತ್ರೆಯಲ್ಲೇ ಕರಗುವುದಿಲ್ಲವೇ? ಊರಿಗೆ ಹೋಗಿ ತೋರಿಸಿದರಾಗದೇ? ನಳಿಕೆಗೆ ಕೀವಿನ ಬ್ಯಾಗು ತಗುಲಿಸಿ ಮನೆಗೆ ಕಳಿಸಿದರೆ ನೋಡಿಕೊಳ್ಳುವವರು ಯಾರು?

ಚರ್ಮದ ಮೂಲಕ ಸಣ್ಣ ನಳಿಕೆ ಇಳಿಸಿ ಕೀವನ್ನು ಹೊರಗೆ ಹರಿಸುವ ಈ ಚಿಕಿತ್ಸೆಯಲ್ಲಿ ಡಾಕ್ಟರ ಕೈಕೆಲಸ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯದು. ಅದಾದ ಮೇಲೆ ಹಲವು ದಿನ ಆ ನಳಿಕೆ ಕಟ್ಟಿಕೊಳ್ಳದಂತೆ, ಜಾರದಂತೆ ಕಾಯುವ ಕೆಲಸ ರೋಗಿಯದು, ಮನೆಯವರದು, ಒಬ್ಬರೇ ಇರುವವರಾದರೆ ರೂಮಿನ ಗೆಳೆಯರದು. ಆ ಕೈಕೆಲಸ ಎಷ್ಟೇ ಚೆನ್ನಾಗಿ ನಡೆದಿರಲಿ, ಉಳಿದ ದಿನಗಳ ಆರೈಕೆ ಕೆಟ್ಟರೆ ಕೀವು ಮತ್ತೆ ಸೇರುತ್ತದೆ. ಈ ಲೇಖನದ ಬಹುಪಾಲು ಅದೇ ಆರೈಕೆಯ ಬಗ್ಗೆ. ನಿಮ್ಮನ್ನು ಪರೀಕ್ಷಿಸಿದ ಡಾಕ್ಟರ ಮಾತಿಗೆ ಇದು ಬದಲಿಯಲ್ಲ. ಅವರನ್ನು ಸರಿಯಾದ ಪ್ರಶ್ನೆ ಕೇಳಲು, ಅವರು ಹೇಳಿದ್ದನ್ನು ಸರಿಯಾಗಿ ಪಾಲಿಸಲು ಇದು ನೆರವಾಗಲಿ.

ಮಾತ್ರೆ, ಇಂಜೆಕ್ಷನ್ ಏಕೆ ಸಾಲದು?

ಸೋಂಕು ತಗುಲಿದ ಜಾಗವನ್ನು ದೇಹ ಸುತ್ತಲೂ ಗೋಡೆ ಕಟ್ಟಿ ಬೇರ್ಪಡಿಸುತ್ತದೆ. ಸೋಂಕು ಹರಡದಂತೆ ದೇಹ ಮಾಡಿಕೊಳ್ಳುವ ರಕ್ಷಣೆ ಅದು. ಆದರೆ ಆ ಗೋಡೆಯೊಳಗಿನ ಕೀವಿನ ಗೂಡಿನಲ್ಲಿ ರಕ್ತನಾಳಗಳಿಲ್ಲ. ಆಂಟಿಬಯಾಟಿಕ್ ಪ್ರಯಾಣಿಸುವುದು ರಕ್ತದಲ್ಲಿ. ಹಾಗಾಗಿ ಔಷಧ ಗೋಡೆಯವರೆಗೆ ಬಂದರೂ ಗೂಡಿನ ನಡುವಿಗೆ ಸಾಕಷ್ಟು ಸೇರುವುದಿಲ್ಲ. ಸೇರಿದಷ್ಟಕ್ಕೂ ಒಳಗೆ ಆಮ್ಲಜನಕ ಕಡಿಮೆ, ಆಮ್ಲೀಯತೆ ಹೆಚ್ಚು. ಕೆಲವು ಔಷಧಗಳು ಅಂಥಲ್ಲಿ ಶಕ್ತಿ ಕಳೆದುಕೊಳ್ಳುತ್ತವೆ. ಕೀವು ಹೊರಗೆ ಹೋದರೆ ಒಳಗಿನ ಒತ್ತಡ ಇಳಿಯುತ್ತದೆ, ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳತೊಡಗುತ್ತವೆ, ಉಳಿದ ಸೋಂಕನ್ನು ಔಷಧ ಮುಗಿಸುತ್ತದೆ. ಅದಕ್ಕಾಗಿಯೇ ನಳಿಕೆ ಮತ್ತು ಔಷಧ ಎರಡೂ ಒಟ್ಟಿಗೆ ಬೇಕು.

ಹಿಂದೆ ಕೀವು ತೆಗೆಯಲು ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆಯೇ ದಾರಿಯಾಗಿತ್ತು. ಅಮೀಬಾ ಎಂಬ ಸೂಕ್ಷ್ಮಜೀವಿಯಿಂದಾದ ಲಿವರ್ ಕೀವಿಗೆ ಕೊಯ್ಯುವುದರ ಬದಲು ಸೂಜಿಯಿಂದ ಎಳೆದು ಎಮೆಟಿನ್ ಔಷಧ ಕೊಡುವ ಕ್ರಮವನ್ನು 1912ರ ಸುಮಾರಿಗೆ ಕಲ್ಕತ್ತದಲ್ಲಿ ಲಿಯೊನಾರ್ಡ್ ರಾಜರ್ಸ್ ಬಳಕೆಗೆ ತಂದರು. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಸೂಜಿಯೊಳಗಿಂದ ತಂತಿ ಇಳಿಸಿ, ತಂತಿಯ ಮೇಲೆ ನಳಿಕೆ ಜಾರಿಸುವ ವಿಧಾನ ಕಂಡುಕೊಂಡರು. 1970ರ ದಶಕದಲ್ಲಿ ಅಲ್ಟ್ರಾಸೌಂಡ್, ಸಿ.ಟಿ. ಬಂದ ಮೇಲೆ ಸೂಜಿ ಎಲ್ಲಿ ಹೋಗುತ್ತಿದೆಯೆಂದು ಕಣ್ಣಾರೆ ನೋಡುತ್ತ ಇದನ್ನು ಮಾಡುವುದು ಸಾಧ್ಯವಾಯಿತು. ಇಂದು ಒಂದೇ ಗೂಡಿರುವ, ಸುಲಭವಾಗಿ ಮುಟ್ಟಬಹುದಾದ ಕೀವಿನ ಗಡ್ಡೆಗಳಲ್ಲಿ 10ಕ್ಕೆ 8ಕ್ಕಿಂತ ಹೆಚ್ಚು ಈ ದಾರಿಯಲ್ಲೇ ವಾಸಿಯಾಗುತ್ತವೆ.

ಸ್ಕ್ಯಾನಿಂಗ್ ತಡಮಾಡಬಾರದ ಲಕ್ಷಣಗಳು

1. ಚಳಿಯೊಂದಿಗೆ ಬರುವ ಜ್ವರ ನಾಲ್ಕೈದು ದಿನವಾದರೂ ಬಿಡದೆ, ಜೊತೆಗೆ ಹೊಟ್ಟೆಯ ಒಂದೇ ಜಾಗದಲ್ಲಿ ನೋವು.

2. ಬಲಪಕ್ಕೆಯ ನೋವಿನೊಂದಿಗೆ ಬಲ ಭುಜದಲ್ಲೂ ನೋವು, ಆಳವಾಗಿ ಉಸಿರೆಳೆದರೆ ಹೆಚ್ಚಾಗುವುದು. ಲಿವರಿನ ಮೇಲಿನ ವಪೆ ಕೆರಳಿದಾಗ ನೋವು ಭುಜದಲ್ಲಿ ಕಾಣುತ್ತದೆ.

3. ಹೊಟ್ಟೆಯ ಆಪರೇಷನ್ ಆಗಿ ಒಂದೆರಡು ವಾರದೊಳಗೆ ಮತ್ತೆ ಜ್ವರ, ಊಟ ಸೇರದಿರುವುದು, ಹೊಟ್ಟೆ ಉಬ್ಬರ.

4. ಬಲ ಕೆಳಹೊಟ್ಟೆಯ ನೋವು ಕಡಿಮೆಯಾಯಿತೆಂದುಕೊಂಡ ಮೇಲೆ ಅಲ್ಲೇ ಗಡ್ಡೆ ಕೈಗೆ ಸಿಗುವುದು. ಅಪೆಂಡಿಕ್ಸ್ ಒಡೆದು ಕೀವು ಕಟ್ಟಿರಬಹುದು.

5. ಜ್ವರದೊಂದಿಗೆ ಪದೇಪದೇ ಲೋಳೆ ಭೇದಿ, ಮೂತ್ರಕ್ಕೆ ಅವಸರ. ಕೆಳಹೊಟ್ಟೆಯ ಆಳದಲ್ಲಿ ಕೀವಿದ್ದರೆ ಹೀಗಾಗುತ್ತದೆ. ಬರೀ ಭೇದಿಯೆಂದು ಔಷಧ ತೆಗೆದುಕೊಂಡು ದಿನ ಕಳೆಯುವವರಿದ್ದಾರೆ.

6. ಬೆನ್ನು, ಸೊಂಟದ ನೋವಿನೊಂದಿಗೆ ಒಂದು ಕಾಲನ್ನು ನೇರ ಚಾಚಲಾಗದಿರುವುದು. ಸೊಂಟದ ಒಳಸ್ನಾಯುವಿನಲ್ಲಿ ಕೀವಿರಬಹುದು. ನಮ್ಮ ದೇಶದಲ್ಲಿ ಇದಕ್ಕೆ ಕ್ಷಯರೋಗ ಒಂದು ಮುಖ್ಯ ಕಾರಣ.

ಸಕ್ಕರೆ ಕಾಯಿಲೆ ಇರುವವರು, ವಯಸ್ಸಾದವರು, ಸ್ಟಿರಾಯ್ಡ್ ತೆಗೆದುಕೊಳ್ಳುವವರಲ್ಲಿ ಜ್ವರ, ನೋವು ಜೋರಾಗಿರಲೇಬೇಕೆಂದಿಲ್ಲ. ಸುಸ್ತು, ತೂಕ ಇಳಿಯುವುದು, ಸಕ್ಕರೆ ಹತೋಟಿ ತಪ್ಪುವುದು ಇಷ್ಟೇ ಇರಬಹುದು.

ಗುಜರಾತಿನಲ್ಲಿರುವವರಿಗೆ ಇನ್ನೊಂದು ಮಾತು. ಲಿವರಿನಲ್ಲಿ ಕೀವು ಮಾಡುವ ಅಮೀಬಾ ಬರುವುದು ಕೊಳಕು ಸೇರಿದ ನೀರು, ಆಹಾರದಿಂದ. 2006ರ ಆಗಸ್ಟಿನಲ್ಲಿ ತಾಪಿ ಉಕ್ಕಿ ಸೂರತ್ ಮುಳುಗಿತು. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ಉಕ್ಕಿ ವಡೋದರಾ ಮುಳುಗಿತು. ಇಂಥ ಹೊತ್ತಿನಲ್ಲಿ ಚರಂಡಿ ನೀರು ಕುಡಿಯುವ ನೀರಿಗೆ ಬೆರೆಯುವುದು ಸುಲಭ. ಅಮೀಬಾ ಕರುಳಿಗೆ ಸೇರಿ ವಾರಗಳೋ ತಿಂಗಳುಗಳೋ ಆದ ಮೇಲೆ ಲಿವರಿನಲ್ಲಿ ಕೀವು ಕಾಣಿಸಿಕೊಳ್ಳಬಹುದು, ಆಗ ಭೇದಿ ಇರಲೇಬೇಕೆಂದೂ ಇಲ್ಲ. ಆದ್ದರಿಂದ ‘ಈಚೆಗೆ ಹೊಟ್ಟೆ ಕೆಟ್ಟೇ ಇಲ್ಲ’ ಎಂಬುದು ಅಮೀಬಾದ ಕೀವಲ್ಲವೆನ್ನಲು ಆಧಾರವಲ್ಲ. ಇದು ಹೆಚ್ಚಾಗಿ ಕಾಣುವುದು ನಡುವಯಸ್ಸಿನೊಳಗಿನ ಗಂಡಸರಲ್ಲಿ; ಕುಡಿಯುವವರಲ್ಲಿ ಇನ್ನೂ ಹೆಚ್ಚು.

ಯಾರಿಗೆ ನಳಿಕೆ, ಯಾರಿಗೆ ಬೇರೆ ದಾರಿ?

ಕೀವಿದ್ದವರಿಗೆಲ್ಲ ನಳಿಕೆ ಬೇಕಿಲ್ಲ. ಸುಮಾರು 3 ಸೆಂ.ಮೀ.ಗಿಂತ ಸಣ್ಣ ಗೂಡು ಆಂಟಿಬಯಾಟಿಕ್‌ನಲ್ಲೇ ಇಳಿಯಬಹುದು. ಬ್ಯಾಕ್ಟೀರಿಯಾದಿಂದಾದದ್ದು 5 ಸೆಂ.ಮೀ. ದಾಟಿದರೆ ಸಾಮಾನ್ಯವಾಗಿ ನಳಿಕೆಯೇ ಲೇಸು. ಅಮೀಬಾದ ಕೀವು ಹಾಗಲ್ಲ: ನಳಿಕೆಯಿಲ್ಲದೆ ಮೆಟ್ರೊನಿಡಜೋಲ್ ಔಷಧದಿಂದಲೇ ಬಹುತೇಕ ಗುಣವಾಗುತ್ತದೆ. ಮೂರರಿಂದ ಐದು ದಿನ ಔಷಧ ಕೊಟ್ಟರೂ ಜ್ವರ ಇಳಿಯದಿದ್ದರೆ, ಗೂಡು ತುಂಬ ದೊಡ್ಡದಿದ್ದರೆ, ಒಡೆಯುವ ಹಾಗಿದ್ದರೆ, ಲಿವರಿನ ಎಡಭಾಗದಲ್ಲಿದ್ದರೆ ನಳಿಕೆಯೋ ಸೂಜಿಯೋ ಬೇಕಾಗುತ್ತದೆ. ಎಡಭಾಗದ ಕೀವು ಹೃದಯದ ಹೊದಿಕೆಯೊಳಕ್ಕೆ ಒಡೆಯಬಹುದು, ಅದು ಪ್ರಾಣಾಪಾಯ.

ಕೀವು ಈಗಾಗಲೇ ಒಡೆದು ಹೊಟ್ಟೆಯೆಲ್ಲ ಹರಡಿದ್ದರೆ, ಕರುಳಿನ ತುಂಡು ಸತ್ತಿದ್ದರೆ, ತೂತಾದ ಕರುಳಿನಿಂದ ಸೋರಿಕೆ ನಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯೇ ಆಗಬೇಕು. ಹೈಡಾಟಿಡ್ ಎಂಬ ಪರಾವಲಂಬಿ ಗುಳ್ಳೆ ಸ್ಕ್ಯಾನಿಂಗ್‌ನಲ್ಲಿ ಕೆಲವೊಮ್ಮೆ ಕೀವಿನಂತೆಯೇ ಕಾಣುತ್ತದೆ. ಅದಕ್ಕೆ ಮುಂಜಾಗ್ರತೆಯಿಲ್ಲದೆ ಸೂಜಿ ಚುಚ್ಚಿದರೆ ತೀವ್ರ ಅಲರ್ಜಿಯಾಗಬಹುದು. ಕುರಿ, ನಾಯಿಗಳ ಒಡನಾಟವಿದ್ದವರು ಅದನ್ನು ಮೊದಲೇ ಡಾಕ್ಟರಿಗೆ ಹೇಳಿ.

ಈ ಮೂರು ಊರುಗಳಲ್ಲಿ ಎಲ್ಲಿಗೆ?

ಅಹಮದಾಬಾದಿನ ಅಸಾರ್ವಾದ ಸಿವಿಲ್ ಆಸ್ಪತ್ರೆ, ವಡೋದರಾದ ಸರ್ ಸಯಾಜಿರಾವ್ ಜನರಲ್ ಆಸ್ಪತ್ರೆ, ಸೂರತ್‌ನ ಮಜುರಾ ಗೇಟಿನ ನ್ಯೂ ಸಿವಿಲ್ ಆಸ್ಪತ್ರೆ, ಸೂರತ್ ಮಹಾನಗರಪಾಲಿಕೆಯ ಸ್ಮೀಮೇರ್ ಆಸ್ಪತ್ರೆ: ಇವೆಲ್ಲ ಮೆಡಿಕಲ್ ಕಾಲೇಜಿಗೆ ಸೇರಿದ ಸಾರ್ವಜನಿಕ ಆಸ್ಪತ್ರೆಗಳು. ಖಾಸಗಿ ಆಸ್ಪತ್ರೆಗಳೂ ಬೇಕಾದಷ್ಟಿವೆ. ಎಲ್ಲಿಗೇ ಹೋದರೂ ಮೂರು ಪ್ರಶ್ನೆ ಕೇಳಿ: ಸ್ಕ್ಯಾನಿಂಗ್ ನೋಡಿಕೊಂಡು ನಳಿಕೆ ಹಾಕುವ ರೇಡಿಯಾಲಜಿಸ್ಟ್ ಇದ್ದಾರೆಯೇ? ಏನಾದರೂ ಆದರೆ ಕೈಗೆ ಸಿಗುವ ಸರ್ಜನ್ ಮತ್ತು ಐ.ಸಿ.ಯು. ಅದೇ ಕಟ್ಟಡದಲ್ಲಿದೆಯೇ? ನಳಿಕೆ, ಸ್ಕ್ಯಾನಿಂಗ್, ಕೀವಿನ ಪರೀಕ್ಷೆ, ವಾಸ್ತವ್ಯ ಎಲ್ಲ ಹೇಳಿದ ಮೊತ್ತದಲ್ಲಿ ಸೇರಿದೆಯೇ?

ಹಣದ ವಿಷಯ: ಗುಜರಾತಿನ ‘ಪಿಎಂಜೆಎವೈ–ಮಾ’ ಕಾರ್ಡಿದ್ದವರಿಗೆ 2023ರಿಂದ ಕುಟುಂಬಕ್ಕೆ ವರ್ಷಕ್ಕೆ 10 ಲಕ್ಷ ರೂಪಾಯಿಯವರೆಗೆ ರಕ್ಷಣೆಯಿದೆ. ಕರ್ನಾಟಕದ ವಿಳಾಸದಲ್ಲೇ ಆಯುಷ್ಮಾನ್ ಕಾರ್ಡಿರುವವರು ಅದನ್ನು ಗುಜರಾತಿನಲ್ಲಿ ಬಳಸಬಹುದೇ ಎಂದು 14555ಕ್ಕೆ ಕರೆಮಾಡಿ, ಆಸ್ಪತ್ರೆಯ ಆಯುಷ್ಮಾನ್ ಕೌಂಟರಿನಲ್ಲೂ ವಿಚಾರಿಸಿ. 70 ದಾಟಿದ ಹಿರಿಯರಿಗೆ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ಕಾರ್ಡು ಸಿಗುತ್ತದೆ. ಕಾರ್ಖಾನೆಯ ಸಂಬಳದಲ್ಲಿ ಇ.ಎಸ್.ಐ. ಕಡಿತವಾಗುತ್ತಿದ್ದರೆ ಆ ದಾರಿಯೂ ಇದೆ. ಆಂಬುಲೆನ್ಸಿಗೆ 108.

ನಳಿಕೆ ಹಾಕುವ ಮುನ್ನ

1. ರಕ್ತ ತೆಳುವಾಗಿಸುವ ಮಾತ್ರೆಗಳ ಪಟ್ಟಿ ಕೊಡಿ. ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್ ಮುಂತಾದವನ್ನು ಯಾವಾಗ ನಿಲ್ಲಿಸಬೇಕೆಂದು ಡಾಕ್ಟರೇ ಹೇಳಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ನಿಲ್ಲಿಸಿದರೆ ಅಪಾಯ.

2. ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ವರದಿ ಇರಲಿ. ಅದರಲ್ಲಿ ಐ.ಎನ್.ಆರ್. ಎಂಬ ಅಳತೆ ಹೆಚ್ಚಿದ್ದರೆ, ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆಯಿದ್ದರೆ ಅದನ್ನು ಸರಿಪಡಿಸಿ ಮುಂದುವರಿಯುತ್ತಾರೆ.

3. ಹೊಟ್ಟೆ ಖಾಲಿಯಿರಲಿ. ಸಾಮಾನ್ಯವಾಗಿ ಗಟ್ಟಿ ಆಹಾರಕ್ಕೆ 6 ಗಂಟೆ, ನೀರಿಗೆ 2 ಗಂಟೆ ಅಂತರ. ಸಕ್ಕರೆ ಕಾಯಿಲೆಯವರು ಆ ಬೆಳಗಿನ ಇನ್ಸುಲಿನ್, ಮಾತ್ರೆ ಏನು ಮಾಡಬೇಕೆಂದು ಹಿಂದಿನ ದಿನವೇ ಕೇಳಿ.

4. ಅಲರ್ಜಿ, ಕಿಡ್ನಿ ತೊಂದರೆ, ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಮೊದಲೇ ತಿಳಿಸಿ. ಸಿ.ಟಿ.ಗೆ ಬಳಸುವ ಔಷಧ ಮತ್ತು ಎಕ್ಸ್‌ರೇ ಕಿರಣಗಳ ವಿಚಾರದಲ್ಲಿ ಇವು ಮುಖ್ಯ.

5. ಕುಡಿತವನ್ನು ಮುಚ್ಚಿಡಬೇಡಿ. ಗುಜರಾತಿನಲ್ಲಿ ಪಾನನಿಷೇಧವಿರುವುದರಿಂದ ಎಷ್ಟೋ ಜನ ಡಾಕ್ಟರಿಗೂ ಸುಳ್ಳು ಹೇಳುತ್ತಾರೆ. ಡಾಕ್ಟರು ಕೇಳುವುದು ಚಿಕಿತ್ಸೆಗಾಗಿ. ದಿನಾ ಕುಡಿಯುವವರು ವಾರ್ಡಿನಲ್ಲಿ ಥಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ನಡುಕ, ಭ್ರಮೆ ಬರಬಹುದು. ಕಾರಣ ಗೊತ್ತಿಲ್ಲದೆ ಅದನ್ನು ಸೋಂಕು ಹೆಚ್ಚಾಯಿತೆಂದು ತಪ್ಪಾಗಿ ತಿಳಿಯುವ ಸಂಭವವಿದೆ. ಲಿವರ್ ಕೆಟ್ಟಿದ್ದರೆ ರಕ್ತಸ್ರಾವದ ಅಪಾಯವೂ ಹೆಚ್ಚು.

6. ಹಳೆಯ ಸ್ಕ್ಯಾನಿಂಗ್ ಫಿಲ್ಮ್, ಸಿ.ಡಿ., ಈವರೆಗೆ ತೆಗೆದುಕೊಂಡ ಆಂಟಿಬಯಾಟಿಕ್‌ಗಳ ಚೀಟಿ ತನ್ನಿ.

ನಳಿಕೆ ಹಾಕುವಾಗ ನಡೆಯುವುದು

ಬಹುತೇಕರಿಗೆ ಪೂರ್ತಿ ಅರಿವಳಿಕೆ ಬೇಕಿಲ್ಲ. ಚರ್ಮಕ್ಕೆ ಲಿಗ್ನೊಕೇಯ್ನ್ ಚುಚ್ಚಿ ಮರಗಟ್ಟಿಸುತ್ತಾರೆ. ಮೊದಲ ಕೆಲವು ಕ್ಷಣ ಉರಿ, ಆಮೇಲೆ ಒತ್ತಿದ ಅನುಭವ ಮಾತ್ರ. ಮಕ್ಕಳಿಗೆ, ತುಂಬ ಹೆದರಿದವರಿಗೆ ಮಂಪರು ಬರಿಸುತ್ತಾರೆ. ಅಲ್ಟ್ರಾಸೌಂಡ್ ಅಥವಾ ಸಿ.ಟಿ. ನೋಡುತ್ತ ಕರುಳು, ದೊಡ್ಡ ರಕ್ತನಾಳ, ಶ್ವಾಸಕೋಶದ ಹೊದಿಕೆ ಸಿಗದ ದಾರಿ ಆರಿಸುತ್ತಾರೆ. ಉಸಿರು ಹಿಡಿಯಿರಿ ಎಂದಾಗ ಹಿಡಿಯಬೇಕು, ಏಕೆಂದರೆ ಉಸಿರಿನೊಂದಿಗೆ ಲಿವರ್ ಮೇಲೆ ಕೆಳಗೆ ಸರಿಯುತ್ತದೆ. ಸೂಜಿ ಒಳಹೊಕ್ಕ ಮೇಲೆ ಸ್ವಲ್ಪ ಕೀವನ್ನು ಸಿರಿಂಜಿಗೆ ಎಳೆದು ಪರೀಕ್ಷೆಗೆ ತೆಗೆದಿಡುತ್ತಾರೆ. ಅಮೀಬಾದ್ದಾದರೆ ಅದು ಹೆಚ್ಚಾಗಿ ಚಾಕೊಲೇಟ್ ಬಣ್ಣದ್ದು, ವಾಸನೆಯಿಲ್ಲದ್ದು. ಬ್ಯಾಕ್ಟೀರಿಯಾದ್ದಾದರೆ ಹಳದಿ ಅಥವಾ ಹಸಿರು ಮಿಶ್ರಿತ, ದುರ್ವಾಸನೆಯೂ ಇರಬಹುದು. ನಂತರ ಸೂಜಿಯೊಳಗಿಂದ ತಂತಿ, ತಂತಿಯ ಮೇಲೆ ನಳಿಕೆ. ನಳಿಕೆಯ ತುದಿ ಒಳಗೆ ಹೋದ ಮೇಲೆ ಹಂದಿಯ ಬಾಲದಂತೆ ಸುರುಳಿಯಾಗುತ್ತದೆ; ಅದಕ್ಕೇ ‘ಪಿಗ್‌ಟೇಲ್’ ಎನ್ನುತ್ತಾರೆ. ಆ ಸುರುಳಿಯೇ ಅದನ್ನು ಜಾರದಂತೆ ಹಿಡಿಯುವುದು.

ನಳಿಕೆಯ ದಪ್ಪವನ್ನು ‘ಫ್ರೆಂಚ್’ ಅಳತೆಯಲ್ಲಿ ಹೇಳುತ್ತಾರೆ. 3 ಫ್ರೆಂಚ್ ಎಂದರೆ 1 ಮಿ.ಮೀ. ಸಾಮಾನ್ಯವಾಗಿ ಬಳಸುವುದು 8ರಿಂದ 14 ಫ್ರೆಂಚ್. ಎಂದರೆ 12 ಫ್ರೆಂಚಿನ ನಳಿಕೆ 4 ಮಿ.ಮೀ. ದಪ್ಪ ಅಷ್ಟೆ.

ಅಪಾಯವೇ ಇಲ್ಲವೆಂದಲ್ಲ. ರಕ್ತಸ್ರಾವ, ಕರುಳಿಗೆ ಪೆಟ್ಟು, ಎದೆಗೂಡಿನೊಳಗೆ ಗಾಳಿ ಅಥವಾ ಕೀವು ಸೇರುವುದು ನೂರರಲ್ಲಿ ಒಬ್ಬಿಬ್ಬರಿಗೆ ಆಗಬಹುದು. ನಳಿಕೆ ಹಾಕಿದ ಕೆಲವು ಗಂಟೆಗಳಲ್ಲಿ ಕೆಲವರಿಗೆ ಜೋರು ಚಳಿ ನಡುಕ ಬರುತ್ತದೆ; ಕೆದಕಿದಾಗ ಸ್ವಲ್ಪ ಸೋಂಕು ರಕ್ತಕ್ಕೆ ಸೇರುವುದರಿಂದ ಹೀಗೆ. ಅದಕ್ಕಾಗಿಯೇ ಮೊದಲೇ ಆಂಟಿಬಯಾಟಿಕ್ ಕೊಟ್ಟು, ಆ ದಿನ ಬಿ.ಪಿ., ನಾಡಿ ನೋಡುತ್ತಿರುತ್ತಾರೆ. ನಡುಕ ಬಂದ ಕೂಡಲೇ ನರ್ಸಿಗೆ ಹೇಳಿ, ಹೊದಿಕೆ ಹೊದ್ದು ಸುಮ್ಮನಾಗಬೇಡಿ.

ನಳಿಕೆಯ ಆರೈಕೆ: ಮನೆಯಲ್ಲಿ ಮಾಡಬೇಕಾದ್ದು

1. ಕೈ ತೊಳೆಯದೆ ಮುಟ್ಟಬೇಡಿ. ಸೋಪು ಹಚ್ಚಿ, ಬೆರಳ ಸಂದಿಯವರೆಗೆ.

2. ಕೀವು ಸೇರುವ ಬ್ಯಾಗು ಯಾವಾಗಲೂ ನಳಿಕೆ ಚುಚ್ಚಿದ ಜಾಗಕ್ಕಿಂತ ಕೆಳಗಿರಲಿ. ಕೀವು ಹರಿಯುವುದು ಇಳಿಜಾರಿಗೆ. ಹಾಸಿಗೆಯ ಮೇಲೆ ಪಕ್ಕದಲ್ಲಿಟ್ಟುಕೊಂಡರೆ ಹರಿವು ನಿಲ್ಲುತ್ತದೆ.

3. ಎರಡು ಕಡೆ ಅಂಟಿಸಿ. ಚುಚ್ಚಿದ ಜಾಗದಲ್ಲಿ ಒಂದು, ಅಲ್ಲಿಂದ ಒಂದು ಗೇಣು ದೂರದಲ್ಲಿ ಸಡಿಲವಾದ ಸುತ್ತು ಬಿಟ್ಟು ಇನ್ನೊಂದು. ಬ್ಯಾಗು ಎಲ್ಲಾದರೂ ಸಿಕ್ಕಿ ಎಳೆದರೂ ಸೆಳೆತ ಎರಡನೆಯ ಅಂಟಿಗೆ ಬೀಳುತ್ತದೆ, ಒಳಗಿನ ಸುರುಳಿಗಲ್ಲ. ಸೀರೆಯ ಗಂಟು, ಪ್ಯಾಂಟಿನ ಬೆಲ್ಟು ನಳಿಕೆಯ ಮೇಲೆ ಬರದಂತೆ ನೋಡಿ.

4. ಹೇಳಿದಷ್ಟು ಸಲ ಸಲೈನ್ ಹಾಯಿಸಿ. ಸಾಮಾನ್ಯವಾಗಿ ದಿನಕ್ಕೆ ಎರಡು ಮೂರು ಸಲ, 5ರಿಂದ 10 ಮಿ.ಲೀ. ಎಷ್ಟು, ಯಾವ ಬಾಯಿಂದ ಎಂಬುದನ್ನು ಬರೆಸಿಕೊಳ್ಳಿ. ನಳಿಕೆ ಮತ್ತು ಬ್ಯಾಗಿನ ನಡುವೆ ಮೂರು ದಾರಿಯ ತಿರುಗಣೆ ಇರುತ್ತದೆ. ಕೆಲವು ಕಂಪನಿಯದರಲ್ಲಿ ಹಿಡಿಕೆ ತೋರಿಸುವ ದಾರಿ ಮುಚ್ಚಿದ್ದು, ಇನ್ನು ಕೆಲವದರಲ್ಲಿ ತೆರೆದದ್ದು. ಆದ್ದರಿಂದ ಡಿಸ್ಚಾರ್ಜಿಗೆ ಮುನ್ನ ನರ್ಸಿನ ಎದುರಿಗೇ ನೀವು ಒಂದು ಸಲ ಮಾಡಿ ತೋರಿಸಿ, ಒಪ್ಪಿಗೆ ಕೊಟ್ಟರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ತಿರುಗಣೆಯ ಬಾಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಗಾಳಿ ತೆಗೆದ ಸಿರಿಂಜ್ ಜೋಡಿಸಿ, ನಿಧಾನಕ್ಕೆ ತಳ್ಳಿ. ಸಲೈನ್ ಒಳಗೆ ಹೋಗದಿದ್ದರೆ, ನೋವಾದರೆ ಅಲ್ಲಿಗೇ ನಿಲ್ಲಿಸಿ. ಬಲವಂತ ಮಾಡಿದರೆ ಕೀವು ರಕ್ತಕ್ಕೆ ನುಗ್ಗಬಹುದು.

5. ದಿನವೂ ಒಂದೇ ಹೊತ್ತಿಗೆ ಅಳೆದು ಬರೆಯಿರಿ. ಒಂದು ಸಾದಾ ನೋಟ್‌ಬುಕ್ ಸಾಕು. ತಾರೀಕು, ಬ್ಯಾಗಿಗೆ ಬಂದದ್ದು, ಒಳಗೆ ಹಾಯಿಸಿದ ಸಲೈನ್, ಬಣ್ಣ, ಅತಿ ಹೆಚ್ಚು ಜ್ವರ: ಐದು ಕಾಲಮ್ಮು. ಹಾಯಿಸಿದ ಸಲೈನನ್ನು ಕಳೆಯುವುದನ್ನು ಮರೆಯಬೇಡಿ. ಬ್ಯಾಗಿನಲ್ಲಿ 50 ಮಿ.ಲೀ. ಇದೆ, ದಿನದಲ್ಲಿ 10ರಂತೆ ಮೂರು ಸಲ ಹಾಯಿಸಿದ್ದೀರಿ ಎಂದರೆ ನಿಜವಾಗಿ ಬಂದದ್ದು 20 ಮಿ.ಲೀ. ಮಾತ್ರ. ಈ ಲೆಕ್ಕ ತಪ್ಪಿದರೆ ನಳಿಕೆ ಬೇಕಿಲ್ಲದಿದ್ದರೂ ಉಳಿಯುತ್ತದೆ. ನಳಿಕೆ ತೆಗೆಯುವ ದಿನ ನಿರ್ಧಾರವಾಗುವುದರಲ್ಲಿ ಈ ಹಾಳೆಯ ಪಾತ್ರ ದೊಡ್ಡದು.

6. ಬ್ಯಾಗು ಅರ್ಧ ತುಂಬುವಷ್ಟರಲ್ಲಿ ಖಾಲಿ ಮಾಡಿ. ಭಾರಕ್ಕೆ ನಳಿಕೆ ಜಗ್ಗುತ್ತದೆ. ಕೀವನ್ನು ಕಕ್ಕಸಿಗೆ ಸುರಿದು ನೀರು ಬಿಡಿ.

7. ಡ್ರೆಸಿಂಗ್ ಒಣಗಿರಲಿ. ಒದ್ದೆಯಾದರೆ ಅಂದೇ ಬದಲಿಸಿ. ತಲೆಯ ಮೇಲಿಂದ ನೀರು ಹೊಯ್ದುಕೊಳ್ಳುವ ಸ್ನಾನ ಬೇಡ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳಿ.

8. ಓಡಾಡಿ, ಆದರೆ ಭಾರ ಎತ್ತಬೇಡಿ, ಬೈಕು ಸ್ಕೂಟರ್ ಬೇಡ. ಊಟದಲ್ಲಿ ಬೇಳೆ, ಮೊಸರು, ಮೊಟ್ಟೆಯಂಥ ಪ್ರೋಟೀನ್ ಇರಲಿ. ಹಲವು ದಿನದ ಜ್ವರದಲ್ಲಿ ದೇಹ ಬಡವಾಗಿರುತ್ತದೆ. ಸಕ್ಕರೆ ಕಾಯಿಲೆಯವರು ಸಕ್ಕರೆಯನ್ನು ಹತೋಟಿಯಲ್ಲಿಡದಿದ್ದರೆ ಬೇರೆಲ್ಲ ಆರೈಕೆಯೂ ವ್ಯರ್ಥ.

ಔಷಧ ಎಷ್ಟು ದಿನ?

ಹೊಟ್ಟೆಯ ಹಲವು ಸೋಂಕುಗಳಲ್ಲಿ ಕೀವು ಪೂರ್ತಿ ಹೊರಬಂದಿದ್ದರೆ ಆಂಟಿಬಯಾಟಿಕ್ ಸುಮಾರು 4 ದಿನವೇ ಸಾಕೆಂದು ಅಮೆರಿಕ, ಕೆನಡಾಗಳ ಆಸ್ಪತ್ರೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಬ್ಯಾಕ್ಟೀರಿಯಾದಿಂದಾದ ಲಿವರ್ ಕೀವಿಗೆ ಸಾಮಾನ್ಯವಾಗಿ 4ರಿಂದ 6 ವಾರ ಔಷಧ ಕೊಡುತ್ತಾರೆ. ಆದ್ದರಿಂದ ಪಕ್ಕದ ಬೆಡ್ಡಿನವರಿಗೆ ನಾಲ್ಕೇ ದಿನಕ್ಕೆ ನಿಲ್ಲಿಸಿದರೆಂದು ನಿಮ್ಮದನ್ನು ನಿಲ್ಲಿಸಬೇಡಿ. ಅಮೀಬಾಕ್ಕೆ ಮೆಟ್ರೊನಿಡಜೋಲ್ 7ರಿಂದ 10 ದಿನ. ಅದಾದ ಮೇಲೆ ಕರುಳಿನೊಳಗೆ ಅಡಗಿರುವ ಅಮೀಬಾ ಕೊಲ್ಲಲು ಇನ್ನೊಂದು ಔಷಧ, ಹೆಚ್ಚಾಗಿ ಡೈಲೊಕ್ಸನೈಡ್, ತೆಗೆದುಕೊಳ್ಳಬೇಕು. ಜ್ವರ ಬಿಟ್ಟಿತೆಂದು ಈ ಎರಡನೆಯದನ್ನು ಬಿಟ್ಟವರಿಗೆ ಕಾಯಿಲೆ ಮರುಕಳಿಸಬಹುದು. ಮೆಟ್ರೊನಿಡಜೋಲ್ ನಡೆಯುವಾಗ ಮದ್ಯ ಬೇಡ. ಬಾಯಲ್ಲಿ ಲೋಹದ ರುಚಿ, ಮೂತ್ರದ ಬಣ್ಣ ಗಾಢವಾಗುವುದು ಇದ್ದದ್ದೇ. ಆದರೆ ಕಾಲು ಜೋಮುಗಟ್ಟಿದರೆ ಡಾಕ್ಟರಿಗೆ ತಿಳಿಸಿ.

ನಳಿಕೆ ತೆಗೆಯುವುದು ಯಾವಾಗ?

ನಾಲ್ಕು ಸಂಗತಿ ಕೂಡಿಬರಬೇಕು: ಜ್ವರ ಪೂರ್ತಿ ಬಿಟ್ಟಿರಬೇಕು, ರಕ್ತದ ಬಿಳಿಕಣ ಮಾಮೂಲಿಗೆ ಇಳಿದಿರಬೇಕು, ಸಲೈನ್ ಕಳೆದು ದಿನಕ್ಕೆ 10–20 ಮಿ.ಲೀ.ಗಿಂತ ಕಡಿಮೆ ಬರುವುದು ಎರಡು ದಿನವಾದರೂ ಮುಂದುವರಿದಿರಬೇಕು, ಸ್ಕ್ಯಾನಿಂಗ್‌ನಲ್ಲಿ ಗೂಡು ಕುಗ್ಗಿರಬೇಕು. ಕೆಲವರಿಗೆ ಐದಾರು ದಿನ, ಕರುಳಿಗೋ ಪಿತ್ತನಾಳಕ್ಕೋ ಸಂಪರ್ಕವಿದ್ದರೆ ಹಲವು ವಾರ. ಬರುವುದು ನಿಂತಿದೆ ಎಂಬುದೊಂದನ್ನೇ ನಂಬಬಾರದು. ನಳಿಕೆ ಕಟ್ಟಿಕೊಂಡರೂ ಬರುವುದು ನಿಲ್ಲುತ್ತದೆ. ಹರಿವು ನಿಂತು ಜ್ವರವೂ ಇಳಿದರೆ ಗುಣ. ಹರಿವು ನಿಂತು ಜ್ವರ ಏರಿದರೆ ಕಟ್ಟಿಕೊಂಡಿದೆಯೆಂದೇ ತಿಳಿಯಿರಿ. ಅನೇಕ ಪಿಗ್‌ಟೇಲ್ ನಳಿಕೆಗಳ ಸುರುಳಿಯನ್ನು ಒಳಗಿನ ದಾರ ಬಿಗಿಹಿಡಿದಿರುತ್ತದೆ. ಅದನ್ನು ಸಡಿಲಿಸಿ ತೆಗೆಯುವುದು ತಿಳಿದವರ ಕೆಲಸ, ಮನೆಯಲ್ಲಿ ಎಳೆಯುವಂಥದ್ದಲ್ಲ.

ಅಮೀಬಾದ ಗೂಡು ಪೂರ್ತಿ ಗುಣವಾದ ಮೇಲೂ ತಿಂಗಳುಗಟ್ಟಲೆ ಸ್ಕ್ಯಾನಿಂಗ್‌ನಲ್ಲಿ ಕಾಣುತ್ತಿರುತ್ತದೆ. ಜ್ವರ, ನೋವಿಲ್ಲದೆ ತೂಕ ಏರುತ್ತಿದ್ದರೆ ಆ ನೆರಳು ನೋಡಿ ಗಾಬರಿ ಬೇಡ.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಎರಡೇ ದಿನಕ್ಕೆ ಜ್ವರ ಇಳಿಯಿತೆಂದು ಔಷಧ, ಫಾಲೋಅಪ್ ಎರಡನ್ನೂ ಬಿಡುವುದು.

2. ‘ಊರಿಗೆ ಹೋಗಿ ಸುಧಾರಿಸಿಕೊಳ್ಳೋಣ’ ಎಂದು ನಳಿಕೆಯೊಂದಿಗೇ ಕೊಂಕಣ ರೈಲು ಹತ್ತುವುದು. ರಾತ್ರಿ ಬರ್ತ್ ಹತ್ತಿಳಿಯುವಾಗ ನಳಿಕೆ ಕಿತ್ತು ಬಂದರೆ ಮುಂದಿನ ಸ್ಟೇಷನ್ನಿನಲ್ಲಿ ಅದನ್ನು ಮತ್ತೆ ಹಾಕುವವರಿಲ್ಲ. ಹೋಗಲೇಬೇಕಾದರೆ ಡಾಕ್ಟರನ್ನು ಕೇಳಿ, ಉಡುಪಿಯೋ ಮಂಗಳೂರೋ ಹುಬ್ಬಳ್ಳಿಯೋ, ಅಲ್ಲಿ ನೋಡುವ ಆಸ್ಪತ್ರೆಯನ್ನು ಮೊದಲೇ ಗೊತ್ತುಮಾಡಿ ಹೊರಡಿ.

3. ಕಟ್ಟಿಕೊಂಡ ನಳಿಕೆಯನ್ನು ಹಿಂಡುವುದು, ತಿರುಗಿಸುವುದು, ಜಾರಿದ್ದನ್ನು ಒಳಗೆ ತಳ್ಳುವುದು.

4. ಕೀವಿನ ಕಲ್ಚರ್ ವರದಿಯನ್ನು ತೆಗೆದುಕೊಳ್ಳಲು ಹೋಗದಿರುವುದು. ಕೊಡುತ್ತಿರುವ ಔಷಧ ಸರಿಯೇ ಅಲ್ಲವೇ ಎಂದು ಹೇಳುವುದು ಆ ವರದಿಯೇ.

5. ಕೀವು ಏಕೆ ಬಂತೆಂದು ಹುಡುಕದೆ ಬಿಡುವುದು. ಪಿತ್ತಕೋಶದ ಕಲ್ಲು, ಅಪೆಂಡಿಕ್ಸ್, ದೊಡ್ಡ ಕರುಳಿನ ಗಡ್ಡೆ ಮೂಲವಾಗಿರಬಹುದು. 40 ದಾಟಿದವರು ಮುಂದಿನ ಪರೀಕ್ಷೆಗಳ ಬಗ್ಗೆ ಖಂಡಿತ ಕೇಳಿ. ಸೊಂಟದ ಸ್ನಾಯುವಿನ ಕೀವಾದರೆ ಕ್ಷಯದ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ.

ಎಚ್ಚರಿಕೆ: ಹೀಗಾದರೆ ತಡಮಾಡದೆ ಆಸ್ಪತ್ರೆಗೆ

• ಜ್ವರ ಮತ್ತೆ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟುವುದು, ಮೈ ನಡುಗುವ ಚಳಿ.

• ಬ್ಯಾಗಿಗೆ ತಾಜಾ ರಕ್ತ, ಹಸಿರು ಪಿತ್ತ, ಮಲದಂಥ ದ್ರವ ಬರುವುದು.

• ಹೊಟ್ಟೆಯೆಲ್ಲ ಹಲಗೆಯಂತೆ ಬಿಗಿಯಾಗುವುದು, ತಲೆಸುತ್ತು, ಮಂಕು, ಮೂತ್ರ ಕಡಿಮೆಯಾಗುವುದು.

• ಉಸಿರಾಟದ ತೊಂದರೆ, ಎದೆನೋವು.

• ಸಕ್ಕರೆ ಕಾಯಿಲೆಯಿರುವ ಲಿವರ್ ಕೀವಿನ ರೋಗಿಗೆ ಕಣ್ಣು ಮಂಜಾಗುವುದು, ಕಣ್ಣು ನೋವು. ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಕಣ್ಣಿಗೂ ಹಬ್ಬಬಹುದು. ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆಯಾಗಬೇಕು.

• ನಳಿಕೆ ಹೊರಬರುವುದು. ಶುದ್ಧ ಗಾಜ್ ಬಟ್ಟೆ ಇಟ್ಟು ಅಂಟಿಸಿ, ಕಿತ್ತು ಬಂದ ನಳಿಕೆಯನ್ನೂ ಜೊತೆಗೆ ಒಯ್ಯಿರಿ. ಅದು ಇಡಿಯಾಗಿದೆಯೇ ಎಂದು ನೋಡಬೇಕಾಗುತ್ತದೆ. ಚರ್ಮದ ದಾರಿ ಬೇಗ ಮುಚ್ಚಿಕೊಳ್ಳುವುದರಿಂದ ನಾಳೆಗೆ ಮುಂದೂಡಬೇಡಿ.

ಗುಜರಾತಿ ಚೆನ್ನಾಗಿ ಬಾರದವರು ಈ ನಾಲ್ಕು ಮಾತು ಬರೆದಿಟ್ಟುಕೊಳ್ಳಿ. ಫೋನಿನಲ್ಲಿ, ತುರ್ತು ವಿಭಾಗದ ಬಾಗಿಲಲ್ಲಿ ಬೇಕಾಗುತ್ತವೆ. ಚಳಿಜ್ವರ ಬರುತ್ತಿದೆ: ‘ಠಂಡೀ ಸಾಥೇ ತಾವ್ ಆವೇ ಛೇ.’ ನಳಿಕೆಯಿಂದ ರಕ್ತ ಬರುತ್ತಿದೆ: ‘ನಳೀಮಾಂಥೀ ಲೋಹೀ ಆವೇ ಛೇ.’ ನಳಿಕೆ ಕಟ್ಟಿಕೊಂಡಿದೆ: ‘ನಳೀ ಬಂಧ್ ಥಈ ಗಈ ಛೇ.’ ನಳಿಕೆ ಹೊರಬಂದಿದೆ: ‘ನಳೀ ನೀಕಳೀ ಗಈ ಛೇ.’ ಕೀವಿಗೆ ಅಲ್ಲಿನವರು ‘ಪರು’ ಅಥವಾ ‘ರಸೀ’ ಎನ್ನುತ್ತಾರೆ.

ಮತ್ತೆ ಬಾರದಿರಲು

ನೀರನ್ನು ಕುದಿಸಿ ಕುಡಿಯಿರಿ. ನಲ್ಲಿ ನೀರಿಗೆ ಹಾಕುವಷ್ಟು ಕ್ಲೋರಿನ್ನಿಗೆ ಅಮೀಬಾದ ಕೋಶಗಳು ಸಾಯುವುದಿಲ್ಲ, ಕುದಿಸಿದರೆ ಸಾಯುತ್ತವೆ. ಮಳೆಗಾಲದಲ್ಲಿ ಬೀದಿಯ ಪಾನಿಪುರಿಯ ನೀರು, ಹೆಚ್ಚಿಟ್ಟ ಹಣ್ಣು, ಬರ್ಫದ ಗೋಲಾ ಬಿಡಿ. ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುವವರು ಕಕ್ಕಸಿನಿಂದ ಬಂದು ಸೋಪಿನಲ್ಲಿ ಕೈತೊಳೆದರೆ ತಮ್ಮನ್ನಷ್ಟೇ ಅಲ್ಲ, ಊಟಕ್ಕೆ ಬರುವ ನೂರಾರು ಜನರನ್ನೂ ಕಾಯುತ್ತಾರೆ.

ಕೊನೆಯದಾಗಿ, ನಳಿಕೆಯೊಂದಿಗೆ ಆಸ್ಪತ್ರೆಯಿಂದ ಹೊರಡುವ ಮುನ್ನ ಡಿಸ್ಚಾರ್ಜ್ ಚೀಟಿಯಲ್ಲಿ ಈ ಐದು ಇವೆಯೇ ನೋಡಿ: ನಳಿಕೆ ಹಾಕಿದ ತಾರೀಕು ಮತ್ತು ಅದರ ಅಳತೆ, ಸಲೈನ್ ಎಷ್ಟು ಮತ್ತು ದಿನಕ್ಕೆಷ್ಟು ಸಲ, ಪ್ರತಿ ಔಷಧದ ಕೊನೆಯ ದಿನ, ಮುಂದಿನ ಸ್ಕ್ಯಾನಿಂಗ್ ತಾರೀಕು, ರಾತ್ರಿಯಲ್ಲೂ ಎತ್ತುವ ಒಂದು ಫೋನ್ ನಂಬರು. ಯಾವುದಾದರೂ ಒಂದು ಇಲ್ಲದಿದ್ದರೆ ಸಂಕೋಚಪಡದೆ ಅಲ್ಲೇ ನಿಂತು ಬರೆಸಿಕೊಳ್ಳಿ. ಅದು ನಿಮ್ಮ ಹಕ್ಕು.